ಬಾಗಿನವಿಲ್ಲದ ಜಾಗ

ನಮ್ಮ ಸುಂಟಿಕೊಪ್ಪದಲ್ಲಿ ಇಬ್ಬರು ತೋಟದವರು ಎದುರಾದರೆ ಕುಶಲಪ್ರಶ್ನೆಗಿಂತ ಮೊದಲು ಬರುವುದು ಮಳೆಯ ಲೆಕ್ಕ. "ನಿಮ್ಮಲ್ಲಿ ಎಷ್ಟು ಸೆಂಟು?" ಇಂಚಿನ ನೂರನೆಯ ಪಾಲನ್ನೂ ಬಿಡದೆ ಬರೆದಿಡುವ ಜನ ನಾವು. ಬರೆದಾದ ಮೇಲೆ ಆ ನೀರು ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ಮಾತ್ರ ಕಡಮೆ. ಮಾದಾಪುರದ ಕಡೆ ಬಿದ್ದದ್ದು ಹಾರಂಗಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಕೂಡಿಗೆಯ ಬಳಿ ಕಾವೇರಿಗೆ, ಮುಂದೆ ಕನ್ನಂಬಾಡಿಗೆ.

ಕನ್ನಂಬಾಡಿ ಎಂದೊಡನೆ ವಿಶ್ವೇಶ್ವರಯ್ಯನವರು ಕಣ್ಣೆದುರು ನಿಲ್ಲುತ್ತಾರೆ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರು, 1912ರಲ್ಲಿ ದಿವಾನರು, 1915ರಲ್ಲಿ 'ಸರ್' ಪದವಿ, 1955ರಲ್ಲಿ ಭಾರತರತ್ನ. ಇಷ್ಟನ್ನು ಶಾಲೆಯ ಹುಡುಗರೂ ಒಪ್ಪಿಸಿಯಾರು. ನನಗೆ ಅವರ ನೌಕರಿಯಲ್ಲಿ ರುಚಿಸುವುದು ಮೈಸೂರಿಗೆ ಬರುವ ಮುನ್ನ ಮಾಡಿದ ಎರಡು ಕೆಲಸಗಳು. ಅದೂ ಒಂದಕ್ಕೊಂದು ಎದುರಾದ ಕೆಲಸಗಳು.

1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದವರು, 1903ರ ಹೊತ್ತಿಗೆ ಪುಣೆಯ ಹತ್ತಿರದ ಖಡಕ್‌ವಾಸ್ಲದಲ್ಲಿ ತಾವೇ ರೂಪಿಸಿದ ಬಾಗಿಲುಗಳನ್ನು ಹಾಕಿಸಿದರು. ಮಳೆಗಾಲದಲ್ಲಿ ಕೋಡಿ ಬಿದ್ದು ಹೋಗುತ್ತಿದ್ದ ನೀರನ್ನು, ಕಟ್ಟೆಯನ್ನು ಎತ್ತರಿಸದೆಯೇ, ಇನ್ನಷ್ಟು ಹಿಡಿದಿಡುವ ಉಪಾಯ ಅದು. ನೀರು ಗೆರೆ ಮೀರಿತೋ, ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಮೇಲಧಿಕಾರಿಯ ಅಪ್ಪಣೆ ಬರುವವರೆಗೆ ಹೊಳೆ ಕಾಯುವುದಿಲ್ಲವೆಂಬುದನ್ನು ಆ ಇಲಾಖೆಯಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಯಾರಿದ್ದರೋ!

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾಯಿತು. ಸಾವಿರಾರು ಜನ ಸತ್ತರು. ಮುಂಬಯಿಯ ಕೆಲಸ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರಕಾರ ಕರೆಸಿಕೊಂಡಿತು. ಅಲ್ಲಿ ಅವರು ಕೊಟ್ಟ ಸಲಹೆ ಖಡಕ್‌ವಾಸ್ಲಕ್ಕೆ ತಿರುಗುಮುರುಗು: ಊರಿನ ಮೇಲುಗಡೆ ಜಲಾಶಯ ಕಟ್ಟಿ, ಪ್ರವಾಹ ಬಂದಾಗ ಅದನ್ನು ನುಂಗಲು ಅದರಲ್ಲಿ ಬರಿಯ ಜಾಗ ಉಳಿಸಿ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಈ ಸಲಹೆಯಿಂದ.

ಒಂದು ಕಡೆ ತುಂಬಿಸುವ ಜಾಣ್ಮೆ, ಇನ್ನೊಂದು ಕಡೆ ಖಾಲಿ ಇಡುವ ಜಾಣ್ಮೆ. ಎರಡನೆಯದು ಕಷ್ಟ, ಅದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಹಾರಂಗಿ 2859 ಅಡಿ ಮುಟ್ಟಿ, 8.5 ಟಿಎಂಸಿ ಅಡಿ ನೀರು ನಿಂತರೆ ಶಾಸಕರು ಬಾಗಿನ ಬಿಡುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಐದಾರು ಅಡಿ ಕಡಮೆ ಇಟ್ಟುಕೊಂಡು ಆಕಾಶ ನೋಡುತ್ತ ಕುಳಿತ ಇಂಜಿನಿಯರಿಗೆ ಬಾಗಿನವೆಲ್ಲಿ? ಮಳೆ ಕೈಕೊಟ್ಟರೆ ಕಾಲುವೆಯ ರೈತರು ಅವನನ್ನೇ ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು, ಗದ್ದೆ ಒಣಗುವುದು ಅವರದು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಬಿದ್ದವು. ಹಾರಂಗಿಯ ಬಾಗಿಲುಗಳನ್ನು ತೆರೆಯಲೇಬೇಕಾಯಿತು. ಅತ್ತ ಕಾವೇರಿಯೂ ಏರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿತು. ಆ ವಾರ ಮಳೆಯ ಲೆಕ್ಕ ಸೆಂಟಿನಲ್ಲಿರಲಿಲ್ಲ, ಇಂಚುಗಳಲ್ಲಿತ್ತು. ನೆರೆಮನೆಯ ಹಿರಿಯರು ಮಳೆಮಾಪಕವನ್ನು ದಿನಕ್ಕೆರಡು ಸಲ ಬರಿದು ಮಾಡುತ್ತಿದ್ದರು. "ತುಂಬಿ ಹೊರಚೆಲ್ಲಿದರೆ ಲೆಕ್ಕವೇ ಸಿಕ್ಕದಲ್ಲ, ಮಾರಾಯ್ರೆ," ಎಂದರು.