ಗಂಟೆಯಿಲ್ಲದ ಕಾಲೇಜು

ನಮ್ಮ ಕಾಲೇಜಿನ ಗಂಟೆಯನ್ನು ನಾನು ಮೂರು ವರುಷ ಮನಸಾರೆ ಬೈದಿದ್ದೇನೆ. ಬಸ್ಸು ಐದು ನಿಮಿಷ ತಡವಾದರೂ ಅದು ನನಗಾಗಿ ಕಾದದ್ದಿಲ್ಲ. ಆದರೆ ಗಂಟೆಯೇ ಇಲ್ಲದ ಕಾಲೇಜನ್ನು ಸೇರುವ ಪ್ರಶ್ನೆ ಎದುರಾದಾಗ, ಈ ಹಳೆಯ ಶತ್ರುವಿನ ಉಪಕಾರ ನನಗೆ ತಿಳಿಯಿತು.

ಎಂ.ಎ. ಓದಬೇಕೆಂಬುದು ನನ್ನ ಆಸೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ವಿಶ್ವವಿದ್ಯಾನಿಲಯದ ಊರಿಗೆ ಹೋದರೆ ಹಾಸ್ಟೆಲಿನ ಖರ್ಚು. ಮನೆಯಲ್ಲಿಯೇ ಇದ್ದು ಮುಕ್ತ ವಿಶ್ವವಿದ್ಯಾನಿಲಯದ ಆನ್‌ಲೈನ್ ಎಂ.ಎ. ಓದಿದರೆ, ದುಡಿದು ತಂಗಿಯ ಪಿ.ಯು.ಸಿ.ಗೂ ನೆರವಾಗಬಹುದು. ಲೆಕ್ಕ ಬಲು ಸುಲಭವಾಗಿ ಕಂಡಿತು.

ಅಷ್ಟರಲ್ಲಿ ಅಮೆರಿಕದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾನಿಲಯದ ವಿಷಯ ಓದಿದೆ. ಅಲ್ಲಿನ ಪಶ್ಚಿಮ ರಾಜ್ಯಗಳ ಗವರ್ನರುಗಳು 1997ರಲ್ಲಿ ಸ್ಥಾಪಿಸಿದ್ದು. ತರಗತಿಯಲ್ಲಿ ಎಷ್ಟು ಗಂಟೆ ಕುಳಿತೆ ಎಂದು ಅಲ್ಲಿ ಕೇಳುವುದಿಲ್ಲ. ವಿಷಯ ಬಂದಿದೆಯೇ ಎಂದಷ್ಟೇ ನೋಡುತ್ತಾರೆ. ಆರು ತಿಂಗಳಿಗೆ ಒಂದೇ ಶುಲ್ಕ. ಬಲ್ಲವನು ಆ ಅವಧಿಯಲ್ಲಿ ಹೆಚ್ಚು ವಿಷಯಗಳನ್ನು ಮುಗಿಸಬಹುದು. ಇದನ್ನು ನಾನು ಬೆರಗಿನಿಂದ ವಿವರಿಸಿದರೆ, ಗಾರೆ ಕೆಲಸದ ನಮ್ಮಪ್ಪನಿಗೆ ಏನೂ ಅನ್ನಿಸಲಿಲ್ಲ. "ಇದರಲ್ಲಿ ಹೊಸದೇನೋ? ಗೋಡೆ ನೆಟ್ಟಗೆ ನಿಂತ ದಿನ ಆಳು ಮೇಸ್ತ್ರಿ ಆಗ್ತಾನೆ. ವರ್ಷ ಯಾರು ಎಣಿಸ್ತಾರೆ?" ಎಂದರು.

ನಮ್ಮಲ್ಲಿಯ ಆನ್‌ಲೈನ್ ಓದು ಬಹುಮಟ್ಟಿಗೆ ವಾರ, ಸೆಮಿಸ್ಟರುಗಳ ಲೆಕ್ಕದಲ್ಲೇ ನಡೆಯುತ್ತದೆ. ಆದರೂ ಎರಡಕ್ಕೂ ಬೇಕಾದ ಗುಣ ಒಂದೇ: ಯಾರೂ ಕರೆಯದಿದ್ದರೂ ಓದಲು ಕೂರುವುದು. ಆ ಗುಣ ನನ್ನಲ್ಲಿದೆಯೇ ಎಂದು ಪರೀಕ್ಷಿಸಲು, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ'ನಲ್ಲಿ ಹನ್ನೆರಡು ವಾರಗಳ ಇತಿಹಾಸದ ಕೋರ್ಸಿಗೆ ಸೇರಿದೆ. ಕಲಿಯಲು ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ ಹಣ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಮೊದಲೆರಡು ವಾರ ಬಲು ಉತ್ಸಾಹ. ಮೂರನೆಯ ವಾರ ಊರ ಜಾತ್ರೆ. ಐದನೆಯ ವಾರದ ಹೊತ್ತಿಗೆ ಎರಡು ಅಸೈನ್‌ಮೆಂಟುಗಳ ಗಡುವು ಮೀರಿತ್ತು. ಯಾರೂ ಕೇಳಲಿಲ್ಲ. ಇಲ್ಲಾದರೆ ಎರಡು ದಿನ ತಪ್ಪಿಸಿಕೊಂಡರೆ, "ಏನಪ್ಪಾ, ಮೈಯಲ್ಲಿ ಹುಷಾರಿರಲಿಲ್ಲವೇ?" ಎಂದು ಗುರುಗಳು ಕೇಳುತ್ತಾರೆ. ಪರೀಕ್ಷೆ ಬರೆಯಲೇ ಇಲ್ಲ. ನೆಟ್‌ವರ್ಕ್ ಇಲ್ಲವೆಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ನೆಟ್‌ವರ್ಕ್ ಚೆನ್ನಾಗಿದ್ದ ದಿನಗಳಲ್ಲಿ ನಾನು ಕ್ರಿಕೆಟ್ ನೋಡಿದ್ದೆ.

ಅಪ್ಪನ ಮುಂದೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕರಣೆ ಹಿಡಿದಾಗ ಮೇಸ್ತ್ರಿ ಬೆನ್ನ ಹಿಂದೇನೇ ನಿಂತಿರ್ತಿದ್ದ. ಸೊಟ್ಟ ಕಟ್ಟಿದ್ರೆ ಕೆಡವಿಸ್ತಿದ್ದ" ಎಂದರು. ಆ ಅಮೆರಿಕದ ವಿಶ್ವವಿದ್ಯಾನಿಲಯದಲ್ಲಿಯೂ ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರಿರುತ್ತಾರೆಂಬುದು ಆಗ ನೆನಪಾಯಿತು. ಓದುವಾಗ ಆ ಸಾಲನ್ನು ನಾನು ಹಗುರವಾಗಿ ದಾಟಿದ್ದೆ!

ಮುಂದಿನ ಸೆಮಿಸ್ಟರಿನಲ್ಲಿ ಸಹಪಾಠಿಯೊಬ್ಬನನ್ನು ಜೊತೆಗೂಡಿಸಿಕೊಂಡು ಮತ್ತೊಂದು ಕೋರ್ಸಿಗೆ ಸೇರಿದೆ. ದಿನವೂ ಬೆಳಗ್ಗೆ ಐದಕ್ಕೆ ಒಬ್ಬರನ್ನೊಬ್ಬರು ಎಬ್ಬಿಸುವುದು. ಭಾನುವಾರ ಓದಿದ್ದನ್ನು ಬಾಯಲ್ಲಿ ಒಪ್ಪಿಸುವುದು. ಇಬ್ಬರೂ ತೇರ್ಗಡೆಯಾದೆವು.

ಆದುದರಿಂದ ಮಿತ್ರರೇ, ಆನ್‌ಲೈನ್ ಎಂ.ಎ.ಗೇ ಸೇರಲು ನಿಶ್ಚಯಿಸಿದ್ದೇನೆ. ಗೆಳೆಯನೂ ಬರುತ್ತಾನೆ. ಇಂತಹ ಓದು ನಿಮಗೆ ಒಗ್ಗುವುದೇ ಎಂಬ ಸಂದೇಹವಿದ್ದರೆ, ಮೊದಲು ಒಂದು ಹನ್ನೆರಡು ವಾರದ ಕೋರ್ಸನ್ನು ಮುಗಿಸಿ ನೋಡಿ. ಮುಗಿಯದಿದ್ದರೆ ನಾಚಬೇಕಾಗಿಲ್ಲ, ನಿಮಗೊಂದು ಗಂಟೆ ಬೇಕು, ಅಷ್ಟೆ. ನನಗಂತೂ ಬೇಕು. ಅದು ನಾಳೆಯಿಂದ ಗೆಳೆಯನ ದನಿಯಲ್ಲಿ, ಬೆಳಗಿನ ಐದಕ್ಕೆ ಬಾರಿಸುತ್ತದೆ.