ಠಾಣೆಯ ಬೆಂಚು

ಜುಲೈ 8, 2024, ಸೋಮವಾರ. ರಾತ್ರಿ 11

ಮಗಳು ಟಿವಿಯಲ್ಲಿ 'ತೀನ್' ಹಾಕಿಕೊಟ್ಟು ಮಲಗಿದಳು. 2016ರ ಹಿಂದಿ ಸಿನಿಮಾ, ಕೋಲ್ಕತ್ತದ ಕಥೆ. "ಪೊಲೀಸ್ ಕೆಲಸ ಬಿಟ್ಟವನ ಪಾತ್ರ ಐತಿ, ನಿನಗೆ ಹಿಡಿಸ್ತೈತಿ" ಅಂದಿದ್ದಳು. ನನ್ನನ್ನು ಹಿಡಿದದ್ದು ಆ ಪಾತ್ರವಲ್ಲ. ಅಮಿತಾಭ್ ಬಚ್ಚನ್ ಮಾಡಿರುವ ಅಜ್ಜ, ಜಾನ್ ಬಿಸ್ವಾಸ್. ಮೊಮ್ಮಗಳು ಏಂಜೆಲಾ ಅಪಹರಣವಾಗಿ ಸತ್ತು ಎಂಟು ವರ್ಷ. ಇನ್ನೂ ಠಾಣೆಗೆ ಬಂದು ಕೂರುತ್ತಾನೆ.

ಅರ್ಧಕ್ಕೆ ನಿಲ್ಲಿಸಿದೆ. ನಾಳೆ ನೋಡಿದರಾಯಿತು.

ರಾತ್ರಿ 2

ನಿದ್ದೆ ಇಲ್ಲ. ಬೆಂಚು ಕಣ್ಣ ಮುಂದೆ. ನಮ್ಮ ಠಾಣೆಯದು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿದ್ದು.

ಜುಲೈ 9, ಮಂಗಳವಾರ

ಜಡಿಮಳೆ. ಸಿನಿಮಾ ಮುಗಿಸಿದೆ. ಮನಸ್ಸು ಕೆಟ್ಟಿತು.

ನವಾಜುದ್ದೀನ್ ಸಿದ್ದಿಕಿ ಹಳೇ ತನಿಖಾಧಿಕಾರಿ ಮಾರ್ಟಿನ್. ಆ ಮಗುವನ್ನು ಉಳಿಸಲಾಗಲಿಲ್ಲವೆಂದು ಕೆಲಸ ಬಿಟ್ಟು ಪಾದ್ರಿಯಾಗಿದ್ದಾನೆ. ಎಂಟು ವರ್ಷದ ನಂತರ ರಾನಿ ಎಂಬ ಹುಡುಗ ಅದೇ ರೀತಿ ಕಾಣೆಯಾದಾಗ ಪೊಲೀಸ್ ಅಧಿಕಾರಿ ಪಾತ್ರದ ವಿದ್ಯಾ ಬಾಲನ್ ಮಾರ್ಟಿನ್‌ನನ್ನು ಮತ್ತೆ ಕರೆಯುತ್ತಾಳೆ. ಎಂಥ ಪಾತ್ರ! ಆದರೆ ಒಳಗೆ ಏನು ಸುಡುತ್ತಿದೆ ಎಂದು ಒಂದು ಸಲವೂ ಕಾಣಲಿಲ್ಲ. ನಿಲುವಂಗಿ ತೊಡಿಸಿದರೆ ಪಶ್ಚಾತ್ತಾಪ ತೋರಿಸಿದಂತಾಯಿತೇ?

ಕೊನೆಗೆ ಗೊತ್ತಾಗುವುದು: ರಾನಿಯನ್ನು ಒಯ್ದವನು ಜಾನ್ ಅಜ್ಜನೇ. ಏಂಜೆಲಾಳನ್ನು ಒಯ್ದವನು ರಾನಿಯ ಅಜ್ಜ. ಜಾನ್ ಸುಳಿವು ಹುಡುಕುತ್ತ ಅಲೆದದ್ದೆಲ್ಲ ರಾನಿ ಕಾಣೆಯಾಗುವ ಮೊದಲಿನದು. ಅದನ್ನು ಈಗಿನ ತನಿಖೆಯ ಪಕ್ಕಕ್ಕೆ ಜೋಡಿಸಿ ನಮ್ಮ ಕಣ್ಣು ಕಟ್ಟಿದ್ದಾರೆ. ಕೇಸ್ ಡೈರಿಯಲ್ಲಿ ತಾರೀಕು ಹಿಂದೆಮುಂದೆ ಮಾಡಿದ್ದರೆ ನಮ್ಮ ಸಾಹೇಬರು ಸುಮ್ಮನೆ ಬಿಡುತ್ತಿದ್ದರೇ?

ಎಂಟು ವರ್ಷದ ಕಾಯುವಿಕೆ ಕೈಯಲ್ಲಿತ್ತು. ಬಿಟ್ಟರು.

ಜುಲೈ 10, ಬುಧವಾರ

ಜಾನ್‌ನ ಹೆಂಡತಿ ನ್ಯಾನ್ಸಿಯನ್ನು ಎಲ್ಲಿಯೋ ನೋಡಿದ್ದೇನೆ ಅನ್ನಿಸುತ್ತಲೇ ಇತ್ತು. ಪದ್ಮಾವತಿ ರಾವ್. ಶಂಕರ್‌ನಾಗ್ ಅವರ 'ಗೀತಾ' ಸಿನಿಮಾದ ನಾಯಕಿ, ಆಗ ಅಕ್ಷತಾ ರಾವ್ ಎಂದಿತ್ತು ಹೆಸರು. 1981. ಮದುವೆಗೆ ಮೊದಲು ನೋಡಿದ್ದು. ಆ ಮುಖಕ್ಕೂ ವಯಸ್ಸಾಗಿದೆ. ಗಾಲಿಕುರ್ಚಿಯಲ್ಲಿ ಕೂತು ಗಂಡನ ದಾರಿ ಕಾಯುತ್ತಾಳೆ. ಇಡೀ ಸಿನಿಮಾದಲ್ಲಿ ನಾನು ನಂಬಿದ್ದು ಆಕೆಯನ್ನು.

ಜುಲೈ 12, ಶುಕ್ರವಾರ

ಇದರ ಮೂಲ ಕೊರಿಯಾದ 'ಮಾಂಟಾಜ್', 2013ರದು. ಮಗಳು ಹುಡುಕಿಕೊಟ್ಟಳು. ಅಲ್ಲಿ ಅಜ್ಜನ ಬದಲು ತಾಯಿ. ಅಪಹರಣವಾಗಿ ಹದಿನೈದು ವರ್ಷ, ಇನ್ನೈದು ದಿನಕ್ಕೆ ಕಾಲಮಿತಿ ಮುಗಿಯುತ್ತದೆ. ಆಮೇಲೆ ಅಪರಾಧಿ ಎದುರಿಗೆ ಬಂದು ನಿಂತರೂ ಮುಟ್ಟುವಂತಿಲ್ಲ. ಅದಕ್ಕೇ ಅಲ್ಲಿ ಪ್ರತಿ ಗಂಟೆಯೂ ಎದೆ ಹಿಂಡುತ್ತದೆ. (2015ರಲ್ಲಿ ಆ ದೇಶ ಕೊಲೆಗೆ ಕಾಲಮಿತಿಯನ್ನೇ ತೆಗೆದುಹಾಕಿತು.)

ನಮ್ಮಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಕಾಲಮಿತಿ ಇಲ್ಲ. ಈ ತಿಂಗಳು 1ರಿಂದ ಬಂದ ಹೊಸ ಸಂಹಿತೆಯಲ್ಲೂ ಅದೇ. ಹಾಗಾಗಿ ಕಥೆ ಕೋಲ್ಕತ್ತಕ್ಕೆ ಬಂದಾಗ ಆ ಐದು ದಿನ ಬಿದ್ದುಹೋಯಿತು. ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಇಡಬಹುದಿತ್ತು. ನಮ್ಮಲ್ಲಿ ಮುಗಿಯುವುದೇ ಇಲ್ಲವಲ್ಲ! 'ಸಿ' ರಿಪೋರ್ಟ್ ಹಾಕಿ, ಪತ್ತೆಯಾಗದ ಪ್ರಕರಣ ಎಂದು ಬರೆದು ಕಟ್ಟಿಡುತ್ತೇವೆ. ಸುಳಿವು ಸಿಕ್ಕರೆ ಯಾವತ್ತಾದರೂ ತೆರೆಯಬಹುದು. ಬೆಂಚಿನ ಮೇಲೆ ಕೂತವರಿಗೆ ಏಳು ಎಂದು ಹೇಳುವವರಿಲ್ಲ.

ಜುಲೈ 13, ಶನಿವಾರ. ಬೆಳಿಗ್ಗೆ 5

ಬರೆದುಬಿಡುತ್ತೇನೆ.

2006. ನಾನು ಠಾಣೆಯ ರೈಟರ್. ಏಳು ವರ್ಷದ ಹುಡುಗ, ಸಂತೆಯಲ್ಲಿ ಅಜ್ಜಿಯ ಕೈ ಬಿಟ್ಟವನು. ಠಾಣಾ ದಿನಚರಿಯಲ್ಲಿ ನಮೂದಾಯಿತು, ಅಷ್ಟೇ. "ಎರಡು ದಿನ ನೋಡೋಣು, ಬರ್ತಾನ" ಅಂದರು ಸಾಹೇಬರು. ಎಫ್‌ಐಆರ್ ಆದದ್ದು ಹನ್ನೊಂದನೆಯ ದಿನ. ಮಗು ಕಾಣೆಯಾದರೆ ಅಪಹರಣವೆಂದೇ ತಿಳಿದು ಎಫ್‌ಐಆರ್ ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಮೇ 10ರಂದು. ಏಳು ವರ್ಷ ತಡ.

ಚಹರೆ ಪಟ್ಟಿ ಬರೆದವಳು ನಾನು. ಎತ್ತರ 3 ಅಡಿ 8 ಇಂಚು. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಖಾಕಿ ಚಡ್ಡಿ, ನೀಲಿ ಗೆರೆ ಅಂಗಿ. ಮಾತನಾಡುವ ಭಾಷೆ ಕನ್ನಡ.

"ನಕ್ಕರ ಎಡಗಲ್ಲದಾಗ ಗುಳಿ ಬೀಳ್ತೈತ್ರಿ" ಅಂದಿದ್ದಳು ಅಜ್ಜಿ. ನಾನು ಬರೆಯಲಿಲ್ಲ. ಆ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಳೆದುಹೋದ ಮಗು ನಗುತ್ತಿರುವುದಿಲ್ಲ ಎಂದೂ ಅನ್ನಿಸಿತ್ತೇನೋ. ನೆನಪಿಲ್ಲ.

ಜಾನ್ ಬಿಸ್ವಾಸ್‌ಗೆ ಮೊಮ್ಮಗಳು ಸತ್ತಳೆಂಬುದಾದರೂ ಗೊತ್ತು. ಈಕೆಗೆ ಅದೂ ಗೊತ್ತಿರಲಿಲ್ಲ. ಪ್ರತಿ ಸಂತೆಯ ದಿನ ಬರುತ್ತಿದ್ದಳು. ಒಂದೇ ಮಾತು: "ಏನರ ಸುದ್ದಿ ಬಂತೇನ್ರಿ ಅಕ್ಕಾರ?"

ನನಗೆ ವರ್ಗವಾಯಿತು. ಆಮೇಲೆ ಎಷ್ಟು ದಿನ ಬಂದಳೋ.

ಜುಲೈ 14, ಭಾನುವಾರ

ಮಗಳು ಕೇಳಿದಳು, ಸಿನಿಮಾ ಹೆಂಗಿತ್ತು ಅಂತ. ಚೆನ್ನಾಗಿಲ್ಲ ಅಂದೆ. ಯಾಕೆ ಅಂದಳು. ರೊಟ್ಟಿ ಬಡಿಯುತ್ತಿದ್ದೆ, ಸುಮ್ಮನಿದ್ದೆ.

ಜುಲೈ 15, ಸೋಮವಾರ

ಈಗ ಆ ಠಾಣೆಯಲ್ಲಿರುವ ನಮ್ಮ ಹಳೇ ಹುಡುಗನಿಗೆ ಫೋನ್ ಮಾಡಿದೆ. "ಹಳೇ ಕಡತ ಎಲ್ಲಾ ಹಿಂದಿನ ಖೋಲಿಯಾಗ ಅದಾವ್ರಿ ಅಕ್ಕಾರ. ಗುರುವಾರ ಬರ್ರಿ, ಸಾಹೇಬ್ರನ್ನ ಕೇಳಿ ನೋಡೂಣು." ಯಾಕೆ ಬೇಕಿತ್ತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಮನೆಯವರು ಬೇಡ ಅಂದರು.

ಸಂಜೆ ಸ್ಕೂಟಿಗೆ ಪೆಟ್ರೋಲ್ ಹಾಕಿಸಿ ಬಂದೆ.