ಮೂರೂಕಾಲು ಗಂಟೆಯ ಮುಸುರೆ

ಅಡಿಗೆ ಮಾಡುವವರನ್ನು ಹೊಗಳಿದವರು ಲೋಕದಲ್ಲಿ ಎಷ್ಟೋ ಮಂದಿ. ಮುಸುರೆ ತಿಕ್ಕುವವರನ್ನು ಹೊಗಳಿದವರನ್ನು ನಾನಂತೂ ಕಾಣೆ. ಊಟ ಮುಗಿಸಿ ಎಲೆಯಡಿಕೆ ಮೆಲ್ಲುವವರ ಕಿವಿಗೆ ಪಾತ್ರೆಗಳ ಸದ್ದು ಬೀಳುವುದೇ ಇಲ್ಲ. ಆ ಕೆಲಸಕ್ಕೊಂದು ಯಂತ್ರ ರೂಪಿಸಿ 1886ರಲ್ಲಿ ಪೇಟೆಂಟು ಪಡೆದವರು ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ. ಆ ಯಂತ್ರದ ವಂಶಜವೊಂದು ಬೆಂಗಳೂರಿನ ನಮ್ಮ ಅಡಿಗೆಮನೆಗೂ ಬಂದು ನೆಲಸಿದೆ.

ಅದರಲ್ಲಿ ಹಲವು ಕ್ರಮಗಳುಂಟು. ಮಿತವ್ಯಯದ್ದು 50 ಡಿಗ್ರಿ ಶಾಖ, 10 ಲೀಟರ್ ನೀರು, ಮೂರೂಕಾಲು ಗಂಟೆ. ಎಣ್ಣೆಜಿಡ್ಡಿನ ಪಾತ್ರೆಗಳದ್ದು 70 ಡಿಗ್ರಿ, 14 ಲೀಟರ್, ಎರಡೂಕಾಲು ಗಂಟೆ. ಅರ್ಧ ಗಂಟೆಯದೂ ಒಂದಿದೆ. ಅದು ಕಾಫಿಲೋಟಗಳಿಗೆ ಸರಿ, ಹುಳಿಯ ಪಾತ್ರೆಗೆ ಸಾಲದು.

"ಮೂರೂಕಾಲು ಗಂಟೆಯೇ! ಅಷ್ಟರಲ್ಲಿ ಮದುವೆಮನೆಯ ಮುಸುರೆಯನ್ನೇ ತಿಕ್ಕಿ ಮುಗಿಸುತ್ತಿದ್ದೆವಲ್ಲೋ" ಎಂದರು ನಮ್ಮ ತಾಯಿ.

ಹೆಚ್ಚು ಹೊತ್ತು ಓಡುವುದು ಹೆಚ್ಚು ನುಂಗುತ್ತದೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಈ ಯಂತ್ರದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಹೋಗುವುದು ನೀರು ಕಾಯಿಸುವುದಕ್ಕೆ. 25 ಡಿಗ್ರಿಯ ನೀರನ್ನು 50ಕ್ಕೆ ಏರಿಸುವುದಕ್ಕಿಂತ 70ಕ್ಕೆ ಏರಿಸಲು ಹೆಚ್ಚುಕಡಿಮೆ ಎರಡರಷ್ಟು ಶಾಖ ಬೇಕು. ಮಿತವ್ಯಯದ ಕ್ರಮದಲ್ಲಿ ಬಿಸಿಯ ಕೆಲಸವನ್ನು ಕಾಲವೇ ಮಾಡುತ್ತದೆ. ಯಂತ್ರವು ಮೂರು ನಾಲ್ಕು ಲೀಟರ್ ನೀರನ್ನೇ ಸೋಸಿ ಮತ್ತೆ ಮತ್ತೆ ಚಿಮ್ಮಿಸುತ್ತದೆ. ಸಾಬೂನುಪುಡಿಯ ಕಿಣ್ವಗಳು ಒಣಗಿದ ಅಗುಳನ್ನೂ ಬೇಳೆಯ ಅಂಟನ್ನೂ ಸಾವಕಾಶವಾಗಿ ಬಿಡಿಸುತ್ತವೆ. ಇದನ್ನು ವಿವರಿಸಿದಾಗ ತಾಯಿಯವರು, "ಅಂದರೆ ನೆನೆಸಿಡುತ್ತದೆ ಅನ್ನು. ತಳ ಹಿಡಿದ ತಪ್ಪಲೆಗೆ ರಾತ್ರಿಯೇ ನೀರು ಹಾಕಿಡುವುದು ನಮ್ಮತ್ತೆಗೂ ಗೊತ್ತಿತ್ತು" ಎಂದರು. ನೂರು ಮಾತಿನ ವಿಜ್ಞಾನ ಒಂದು ಮಾತಿನಲ್ಲಿ ಮುಗಿಯಿತು.

ನೀರಿನ ಲೆಕ್ಕವನ್ನೂ ನೋಡಿದೆವು. ಒಂದು ದಿನ ಕೈಯಲ್ಲೇ ತೊಳೆದು, ಸಿಂಕಿನ ಕೆಳಗೆ 15 ಲೀಟರಿನ ಬಕೀಟು ಇಟ್ಟೆವು. ಅದು ಮೂರು ಸಲ ತುಂಬಿತು. ಯಂತ್ರದ ಗೆಲುವಿಗೂ ಷರತ್ತುಗಳಿವೆ: ಅದರ ಹೊಟ್ಟೆ ತುಂಬಿರಬೇಕು, ಎಂಜಲನ್ನು ಬಳಿದು ತೆಗೆಯಬೇಕೇ ಹೊರತು ನಲ್ಲಿಯ ಕೆಳಗೆ ಮೊದಲೇ ತೊಳೆಯಬಾರದು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನೇರಿ ಬರುವ ಊರು ಇದು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದನ್ನು ಇಲ್ಲಿಯವರು ಮರೆತಿರಲಾರರು.

ಆದರೂ ಈ ಲೆಕ್ಕಗಳಿಗೆಲ್ಲ ಮಿಗಿಲಾದದ್ದೊಂದನ್ನು ನನ್ನಾಕೆ ತೋರಿಸಿದಳು. "ಮೂರೂಕಾಲು ಗಂಟೆ ನಿಲ್ಲುವುದು ಯಂತ್ರ ರೀ. ಮೊದಲು ಮುಕ್ಕಾಲು ಗಂಟೆ ನಿಲ್ಲುತ್ತಿದ್ದವಳು ನಾನು." ದಿನಕ್ಕೆ ಮುಕ್ಕಾಲು ಗಂಟೆಯೆಂದರೆ ವರ್ಷಕ್ಕೆ 270 ಗಂಟೆ ಮೀರುತ್ತದೆ. ನಮ್ಮ ತಾಯಿ ತಮ್ಮ ಬಾಳಿನಲ್ಲಿ ಹೀಗೆ ತೆತ್ತ ಗಂಟೆಗಳಿಗೆ ಯಾವ ಕೈಪಿಡಿಯಲ್ಲಿಯೂ ಪಟ್ಟಿಯಿಲ್ಲ. ಅದನ್ನು ಎಣಿಸಲು ನನಗೆ ಧೈರ್ಯವೂ ಸಾಲದು.

ಈಗ ಅತ್ತೆಸೊಸೆಯರು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಧಾರಾವಾಹಿಯ ಮುಂದಿನ ಕಂತನ್ನು ಚರ್ಚಿಸುತ್ತಾರೆ. ಯಂತ್ರದೊಳಗೆ ಹಿಡಿಸದ ದೊಡ್ಡ ಬಾಣಲೆಯನ್ನು ತಿಕ್ಕುವ ಕೆಲಸ, ಸರ್ವಾನುಮತದಿಂದ, ನನ್ನ ಪಾಲಿಗೆ ಬಂದಿದೆ.